ಎರಡು ಬೆರಳು ಹೆಚ್ಚಿನ ಹ್ಯಾಂಡಲ್

ನನ್ನ ಮಗಳ ಭುಜದ ಅಳತೆ ನನಗೆ ಬಾಯಿಪಾಠ. ಗುಳೇದಗುಡ್ಡದ ಖಣ ತಂದು ಅವಳಿಗೆ ಕುಪ್ಪಸ ಹೊಲಿಯುವವಳು ನಾನೇ. ಈ ಭುಜದ ತುದಿಯಿಂದ ಆ ಭುಜದ ತುದಿಗೆ ಹದಿನೈದು ಇಂಚು. ಅದೇ ಅಳತೆಯ ದಾರವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಒಂದು ದಿನ ಸೈಕಲ್ ಅಂಗಡಿಗೆ ಅಲೆಯಬೇಕಾದೀತೆಂದು ಮಾತ್ರ ನಾನು ಎಣಿಸಿರಲಿಲ್ಲ.

ಇಳಕಲ್ಲಿನಲ್ಲಿ ನಮ್ಮದು ಮಗ್ಗದ ಮನೆ. ನಮ್ಮ ಮನೆಯವರು ಸೀರೆ ನೇಯುತ್ತಾರೆ. ನಾನು ಅಡುಗೆ, ಪೂಜೆ ಮುಗಿಸಿ ನೂಲು ಸುತ್ತಿ ಕೊಡುತ್ತೇನೆ. ಅತ್ತೆಯವರು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಾರೆ. ಇರುವವಳು ಒಬ್ಬಳೇ ಮಗಳು. ಹೈಸ್ಕೂಲಿಗೆ ಹೋದಾಗಿನಿಂದ ಅವಳಿಗೆ ಸೈಕಲ್ ರೇಸಿನ ಹುಚ್ಚು. ಬಾಗಲಕೋಟೆಯಲ್ಲಿ ವರ್ಷಕ್ಕೊಮ್ಮೆ ಹುಡುಗಿಯರನ್ನು ಓಡಿಸಿ ನೋಡಿ ಆರು ಮಂದಿಯನ್ನು ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ. ಹಿಂದಿನ ವರ್ಷ ಸ್ವಲ್ಪದರಲ್ಲಿ ತಪ್ಪಿತ್ತು. ವಯಸ್ಸಿನ ಲೆಕ್ಕದಲ್ಲಿ ಈ ವರ್ಷವೇ ಕಡೆಯದು. ಇದು ಹೋದರೆ ಮತ್ತೆ ಇಲ್ಲ.

ಆರಿಸುವ ದಿನಕ್ಕೆ ಮೂರು ವಾರ ಇರುವಾಗ ಅವಳ ಸೈಕಲ್ ಮುರಿಯಿತು. ಅದು ಅಭ್ಯಾಸ ಮಾಡಿಸುವ ಗುರುಗಳದು, ಮೈದಾನದಲ್ಲೇ ಇರುತ್ತಿತ್ತು, ಮನೆಗೆ ಬಂದದ್ದಿಲ್ಲ. ಇಳಿಜಾರಿನಲ್ಲಿ ಹ್ಯಾಂಡಲಿನ ಕೆಳಗೆ ಫ್ರೇಮು ಬಿಟ್ಟುಕೊಂಡು ಹುಡುಗಿ ಹಾರಿ ಬಿದ್ದಳು. ಬಿದ್ದದ್ದು ರಸ್ತೆ ಕೆಲಸಕ್ಕೆ ಹಾಕಿದ್ದ ಮರಳಿನ ಗುಂಪಿಯ ಮೇಲೆ. ಮೊಣಕಾಲು ತರಚಿತ್ತು, ಅಷ್ಟೇ. ಎದೆಯ ಮೇಲಿನ ಲಿಂಗವೇ ಕಾಯ್ದಿತೆಂದು ನಾನು ಮರುದಿನ ಜಂಗಮರನ್ನು ಕರೆದು ಊಟ ಹಾಕಿದೆ.

ಇಡೀ ಸೈಕಲ್ ಹೊಸದಾಗಿ ತರುವುದು ನಮ್ಮಿಂದ ಆಗದ ಮಾತು. ಹುನಗುಂದದ ಮಿಸ್ತ್ರಿಯೊಬ್ಬರು ಬಿಡಿ ಸಾಮಾನು ಕೂಡಿಸಿ ರೇಸಿನ ಸೈಕಲ್ ಕಟ್ಟಿಕೊಡುತ್ತಾರೆಂದು ಗುರುಗಳು ಹೇಳಿದರು. ಹೋದೆವು. ಮಿಸ್ತ್ರಿ ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡ ಬೀರಪ್ಪನ ಭಕ್ತರು, ಪ್ರಾಯದಲ್ಲಿ ತಾವೂ ರೇಸು ಓಡಿದವರು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಡೆ ತಿರುಗಿದರು.

"ಅಕ್ಕಾರ, ಸೈಕಲ್ ಕಟ್ಟೂದಂದ್ರ ಬೀಗರಿಗೆ ಅಡಗಿ ಮಾಡಿದಂಗರಿ. ಸಾಮಾನು ಎಲ್ಲೆಲ್ಲಿಂದರ ತರ್ರಿ, ಆದರ ಉಣ್ಣಾವ್ರ ಬಾಯಿಗೆ ಹತ್ತಬೇಕು."

ಹಾಗೆ ನಾನು ಸಾಮಾನು ಕೂಡಿಸಲು ಹೊರಟೆ. ಶಿರೂರಿನಲ್ಲಿ ಒಬ್ಬ ಹುಡುಗಿ ಮದುವೆಯಾದ ಮೇಲೆ ಸೈಕಲ್ ಬಿಟ್ಟಿದ್ದಳು. ಅವಳ ತವರುಮನೆಯ ಅಟ್ಟದಲ್ಲಿ ಫ್ರೇಮು ಸಿಕ್ಕಿತು, ಮಗಳ ಎತ್ತರಕ್ಕೆ ಹೇಳಿ ಮಾಡಿಸಿದಂತೆ. ಬಸ್ಸಿನ ಕಂಡಕ್ಟರು ಅದನ್ನು ತಾನೇ ಎತ್ತಿ ಒಳಗೆ ಇಟ್ಟ. ಬಾಗಲಕೋಟೆಯಿಂದ ಗಾಲಿ ಬಂದವು. ಸೀಟು ಗುರುಗಳು ಕೊಟ್ಟರು, ಅದು ಕಲ್ಲಿನ ಹಾಗಿತ್ತು. ಮೆತ್ತಗಿನದು ಹಾಕಿರಿ ಎಂದರೆ ಮಿಸ್ತ್ರಿ ನಕ್ಕರು: "ರೇಸಿಗೆ ಕುಂದ್ರಾಕ ಹೋಗೂದಿಲ್ರಿ ಅಕ್ಕಾರ, ತುಳಿಯಾಕ ಹೋಗೂದು." ಗಿಯರಿನ ಹಲ್ಲು ಎಷ್ಟಿರಬೇಕೆಂದು ಅವರೂ ಮಗಳೂ ಅರ್ಧ ದಿನ ಜಗಳಾಡಿದರು. ಅವಳು ನಗುತ್ತಿದ್ದಳು. ಆ ವಾರವೆಲ್ಲ ದೇವರು ಬೆನ್ನ ಹಿಂದೆಯೇ ನಡೆದಂತಿತ್ತು.

ಕಡೆಗೆ ಉಳಿದದ್ದು ಹ್ಯಾಂಡಲ್. ಮಿಸ್ತ್ರಿಯ ಹತ್ತಿರ ಎರಡು ಇದ್ದವು. ಒಂದು ನೆಟ್ಟಗಿನದು, ಲಟ್ಟಣಿಗೆಯಂಥದ್ದು. ಇನ್ನೊಂದು ಎರಡೂ ಕಡೆ ಮುಂದಕ್ಕೆ ಬಂದು ಕೆಳಗೆ ಸುರುಳಿ ಸುತ್ತಿದ್ದು.

"ಇದಕ್ಕ ನಾವು ಟಗರಿನ ಕೋಡು ಅಂತೇವ್ರಿ. ರೇಸಿಗೆ ಇದ ಬೇಕು" ಎಂದು ಅದನ್ನು ಫ್ರೇಮಿಗೆ ಸಿಕ್ಕಿಸಿ, ಮಗಳನ್ನು ಹತ್ತಿಸಿದರು. "ಹೂಂ, ಬಗ್ಗು ತಂಗಿ. ಕೋಡಿನ ತಳಾ ಹಿಡಿ. ಟಗರ ಹಾಯೂ ಮುಂದ ತಲಿ ತಗ್ಗಿಸ್ತೈತಲ್ಲ, ಹಂಗ."

ಅವಳು ಬಗ್ಗಿದಳು. ಕೊರಳೊಳಗಿನ ಲಿಂಗದ ಕರಡಿಗೆ ಅಂಗಿಯಿಂದ ಹೊರಗೆ ಜಾರಿ, ಶಿವದಾರದ ತುದಿಯಲ್ಲಿ ತೂಗಾಡಿ ಹ್ಯಾಂಡಲಿನ ಕಬ್ಬಿಣಕ್ಕೆ ಟಣ್ಣೆಂದು ಬಡಿಯಿತು.

ಲಿಂಗ ಮೈಬಿಟ್ಟು ಹಾಗೆ ತೂಗಬಾರದು, ಹೊಕ್ಕುಳಿಂದ ಕೆಳಗೆ ಇಳಿಯಬಾರದು. ದಾರ ಹರಿದು ರಸ್ತೆಗೆ ಬಿದ್ದರೆ? ಹಿಂದೆ ಬರುವ ಲಾರಿಯ ಗಾಲಿಗೆ ಸಿಕ್ಕರೆ?

"ಏನಿದು? ದಿನಾ ಹಿಂಗ ಬಡಕೋತದ?" ಎಂದೆ.

"ಇಲ್ಲವ್ವಾ, ಸೈಕಲ್ ಹತ್ತೂ ಮುಂದ ತಗದು ಬ್ಯಾಗಿನ್ಯಾಗ ಇಟ್ಟಿರ್ತೇನಿ. ಇವತ್ತ ಮರತೆ."

"ಬ್ಯಾಗಿನ್ಯಾಗ? ಮೈದಾನದಾಗ ಒಗದ ಬ್ಯಾಗಿನ್ಯಾಗ? ಅವತ್ತ ಬಿದ್ದಿಯಲ್ಲ, ಅವತ್ತೂ?"

ಅವಳು ನೆಲ ನೋಡಿದಳು. "ಅವತ್ತೂ."

ನಾನು ಜಂಗಮರಿಗೆ ಊಟ ಹಾಕಿದ್ದು ನೆನಪಾಯಿತು. ಕಾಯ್ದದ್ದು ಮರಳಿನ ಗುಂಪಿ. ಬಂದದ್ದು ಸಿಟ್ಟೋ ಅಂಜಿಕೆಯೋ ನನಗೇ ತಿಳಿಯಲಿಲ್ಲ.

"ನೆಟ್ಟಗಿನದು ಹಾಕ್ರಿ" ಎಂದೆ ಮಿಸ್ತ್ರಿಗೆ. "ನನ್ನ ಮಗಳು ನೆಟ್ಟಗ ಕುಂತು ಹೊಡೀಲಿ. ಲಿಂಗ ಎದಿಮ್ಯಾಲಿರಲಿ."

"ಅಕ್ಕಾರ, ಆಷಾಢದ ಗಾಳಿ ಐತ್ರಿ. ನೆಟ್ಟಗ ಕುಂತ್ರ ಎದಿ ಅಂಬೂದು ಕದಾ ಇದ್ದಂಗ. ಗಾಳಿ ಹೊಳ್ಳಿ ಒಗೀತದ."

"ಹಾಕೂದಾದ್ರ ಅದ ಹಾಕ್ರಿ. ಇಲ್ಲಂದ್ರ ಸೈಕಲ್ಲ ಬ್ಯಾಡ."

ಮಗಳು ಸೈಕಲಿನಿಂದ ಇಳಿದಳು. ಮಿಸ್ತ್ರಿ ಟಗರಿನ ಕೋಡನ್ನು ಬಿಚ್ಚಿ ಗೋಡೆಯ ಮೊಳೆಗೆ ತೂಗು ಹಾಕಿದರು. ಅದಕ್ಕೆ ಬೇಕಾಗುವ ಬ್ರೇಕಿನ ಹಿಡಿಕೆಗಳನ್ನು ಚಿಂದಿಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತ "ಇವು ಇಲ್ಲೇ ಇರ್ತಾವ ಬಿಡ್ರಿ" ಎಂದರು, ಯಾರಿಗೆ ಹೇಳಿದರೋ.

ಮರುದಿನದಿಂದ ಹತ್ತು ದಿನ ಅವಳು ನೆಟ್ಟಗಿನ ಹ್ಯಾಂಡಲಿನ ಮೇಲೆ ಓಡಿದಳು. ಬೆಳಗಿನ ಪೂಜೆ ಮುಗಿಸಿ ನಾನು ನಮ್ಮ ಮನೆಯವರ ಗಾಡಿಯ ಹಿಂದೆ ಕೂತು, ಗಡಿಯಾರ ಹಿಡಿದು ಅವಳ ಬೆನ್ನು ಹತ್ತುತ್ತಿದ್ದೆ. ಹುನಗುಂದ ದಾಟಿ ಅಮೀನಗಡದ ದಾರಿಗೆ ಬಿದ್ದರೆ ಗಾಳಿ ಎದುರು. ಸೆರಗು ನನ್ನ ಮುಖಕ್ಕೇ ಸುತ್ತುತ್ತಿತ್ತು. ಅವಳು ಮುಂದೆ, ಎದೆಯುಬ್ಬಿಸಿ, ನಿಂತಲ್ಲೇ ತುಳಿದಂತೆ ತುಳಿಯುತ್ತಿದ್ದಳು. ಮೊದಲ ದಿನ ಹಿಂದಿನ ವರ್ಷಕ್ಕಿಂತ ಒಂದು ನಿಮಿಷ ಹೆಚ್ಚು ಹಿಡಿಯಿತು. ಹೊಸ ಸೈಕಲ್, ಕೈ ಕೂಡಬೇಕು ಎಂದುಕೊಂಡೆ. ಐದನೆಯ ದಿನವೂ ಅಷ್ಟೇ. ಎಂಟನೆಯ ದಿನ ಇನ್ನೂ ಹೆಚ್ಚು.

ಮನೆಯಲ್ಲಿ ಅವಳು ನನ್ನೊಂದಿಗೆ ಜಗಳಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಜೋಳದ ರೊಟ್ಟಿಯನ್ನು ನಾಲ್ಕು ಮಡಿಕೆ ಮಡಿಚಿ ತಾಟಿನ ಅಂಚಿಗೆ ಇಟ್ಟು ಎದ್ದು ಹೋಗುತ್ತಿದ್ದಳು. ಅಂಗೈ ಜೋಮು ಹಿಡಿದು ಬಾಚಣಿಗೆ ಹಿಡಿಯಲು ಬರದೆ ಜಡೆಯನ್ನು ನಾನೇ ಹಾಕಬೇಕಾಯಿತು. ಹಾಕುವಾಗ ಕೊರಳಿನ ಶಿವದಾರ ಮುಟ್ಟಿ ನೋಡುತ್ತಿದ್ದೆ. ಅದು ಅವಳಿಗೆ ತಿಳಿಯುತ್ತಿತ್ತು.

"ಐತಿ ಬೇ" ಎನ್ನುತ್ತಿದ್ದಳು. "ಎಲ್ಲೂ ಹೋಗಿಲ್ಲ. ನಾನೂ ಎಲ್ಲೂ ಹೋಗೂದಿಲ್ಲ ಬಿಡು."

ಪೂಜೆಗೆ ಕೂತರೆ ಅಂಗೈಯ ಮೇಲಿನ ನನ್ನ ಲಿಂಗ ಕಾಣದೆ ಗಡಿಯಾರ ಕಾಣತೊಡಗಿತು. ದೇವರೇ, ನಿನ್ನ ಮರ್ಯಾದೆ ಕಾಯಲು ಹೋಗಿ ನಾನು ಈ ಹುಡುಗಿಯ ದಾರಿ ಕಟ್ಟಿದೆನೇ? ಪಂಕ್ಚರ್ ಆಗಲಿಲ್ಲ, ಅದು ಒಂದು ದಯೆ. ಮಳೆ ಬರಲಿಲ್ಲ, ಅದು ಒಂದು. ಹೀಗೆ ಬೆರಳು ಮಡಿಚಿ ಎಣಿಸಿದರೂ ಒಳಗಿನ ಸಂಕಟ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಇಷ್ಟೆಲ್ಲ ಆದರೂ ಅತ್ತೆಯವರಿಗೆ ಹೇಳಿರಲಿಲ್ಲ. ಮೂರು ಹೊತ್ತು ಲಿಂಗಪೂಜೆ ಮಾಡುವವರು. ಮೊಮ್ಮಗಳು ಲಿಂಗ ಬ್ಯಾಗಿನಲ್ಲಿ ಇಡುತ್ತಿದ್ದಳೆಂದು ಗೊತ್ತಾದರೆ ಸೈಕಲನ್ನೇ ಹಳ್ಳಕ್ಕೆ ಹಾಕಿಸಿಯಾರೆಂಬ ಭಯ. ಹತ್ತನೆಯ ದಿನ ಮಗಳು ಸೈಕಲ್ ತಳ್ಳಿಕೊಂಡು ಬಂದು, ಗೋಡೆಗೆ ಒರಗಿಸಿ, ಅಲ್ಲೇ ಕುಸಿದು ಕೂತಳು. "ಇದು ಆಗೂದಿಲ್ಲವ್ವಾ" ಎಂದಳು, ಅಷ್ಟೇ. ಅತ್ತೆಯವರು ಪಡಸಾಲೆಯಿಂದ ಕೂಗಿದರು.

"ಏನದು? ಅವ್ವ ಮಗಳು ಹತ್ತ ದಿನದಿಂದ ಮೂಗಬಸವಣ್ಣನಂಗ ಕುಂತೀರಿ. ನನ್ನ ಮುಂದ ಬೊಗಳ್ರಿ."

ನಾನು ಅಳುತ್ತ ಎಲ್ಲ ಹೇಳಿದೆ. ಟಗರಿನ ಕೋಡು, ಟಣ್ಣೆಂದದ್ದು, ಬ್ಯಾಗು, ಎಲ್ಲ. ಅವರು ಬೈಯಲು ಬಾಯಿ ತೆರೆದರೆಂದುಕೊಂಡೆ. ನಕ್ಕರು.

"ಹುಚ್ಚಿ! ನಾ ಹೊಲದಾಗ ಕಸಾ ತಗಿಯೂ ಮುಂದ ದಿನಪೂರ್ತಿ ಬಗ್ಗೇ ಇರ್ತಿದ್ನಲ್ಲ. ನನ್ನ ಲಿಂಗ ಎಲ್ಲಿತ್ತಂತಿ? ಬಿಳಿ ವಸ್ತ್ರದಾಗ ಸುತ್ತಿ ತೋಳಿನ ರಟ್ಟಿಗೆ ಕಟ್ಟತಿದ್ನಿ. ನಮ್ಮ ಅವ್ವನೂ ಹಂಗ, ಅವ್ವನ ಅವ್ವನೂ ಹಂಗ. ಕೊರಳಾಗ, ರಟ್ಟ್ಯಾಗ, ತಲಿಮ್ಯಾಲ, ಎಲ್ಲಿ ಕಟ್ಟಿದ್ರೂ ಅವ ನಿನ್ನವ. ಬಗ್ಗಲಾರದಂಗ ಇರು ಅಂತ ದೇವರು ಯಾರಿಗೆ ಹೇಳ್ಯಾನ?"

"ನನಗ್ಯಾಕ ಹೇಳಲಿಲ್ರಿ ಅತ್ತಿ?"

"ನೀ ಕೇಳಿದೇನು?"

ಕೇಳಿರಲಿಲ್ಲ. ನಾನು ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲಿ ಬೆಳೆದವಳು, ಒಂದು ದಿನವೂ ಹೊಲದಲ್ಲಿ ಬಗ್ಗಿದವಳಲ್ಲ. ಲಿಂಗವೆಂದರೆ ಎದೆಯ ಮೇಲೆ, ಅಷ್ಟೇ ನನಗೆ ಗೊತ್ತಿದ್ದದ್ದು. ಉತ್ತರ ಹತ್ತು ದಿನವೂ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿತ್ತು.

ಮುಖ ಸಹ ತೊಳೆಯದೆ ಹುನಗುಂದಕ್ಕೆ ಓಡಿದೆ. ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು.

"ಮೊನ್ನೆ ಯಾರೋ ಬಂದು ಒಯ್ದ್ರು ಅಕ್ಕಾರ" ಎಂದರು ಮಿಸ್ತ್ರಿ. ನಾನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವರು ನೀರು ಕೊಟ್ಟು ನಾಲ್ಕು ಕಡೆ ಫೋನ್ ಹಚ್ಚಿದರು. ಬಾಗಲಕೋಟೆಯಲ್ಲಿ ಇಲ್ಲ. ಹೊರಗಿನಿಂದ ತರಿಸಿದರೆ ವಾರ ಬೇಕು. ನಮ್ಮ ಹತ್ತಿರ ಇದ್ದದ್ದು ನಾಲ್ಕು ದಿನ. ಬಾದಾಮಿಯಲ್ಲಿ ಗುಹೆ ನೋಡಲು ಬಂದವರಿಗೆ ಸೈಕಲ್ ಬಾಡಿಗೆ ಕೊಡುವವನೊಬ್ಬನ ಹತ್ತಿರ ಹಳೆಯದೊಂದು ಇದೆಯೆಂದು ಕಡೆಗೆ ತಿಳಿಯಿತು.

"ಹ್ಯಾಂಡಲ್ ಭುಜದಷ್ಟ ಅಗಲ ಇರಬೇಕ್ರಿ. ಹೆಚ್ಚಾದ್ರ ತೋಳು ಹಿಗ್ಗಿ ಗಾಳಿ ಹಿಡೀತದ. ಹುಡುಗೀನ ಕರಕೊಂಡು ಹೋಗ್ರಿ" ಎಂದರು.

"ಹುಡುಗಿ ಬ್ಯಾಡ, ಅಳತಿ ನನ್ನ ಹಂತ್ಯಾಕ ಐತಿ" ಎಂದು ಅಲ್ಲೇ ಅವರ ಟೇಪಿನಿಂದ ಅಳೆದು ಹದಿನೈದು ಇಂಚು ದಾರ ಕತ್ತರಿಸಿಕೊಂಡೆ.

ಬಾದಾಮಿಯ ಬಸ್ಸು ಅಂದು ಊರೂರಿಗೆ ನಿಂತಿತು. ಅಂಗಡಿಯವನು ಊಟಕ್ಕೆ ಹೋಗಿದ್ದ. ಪಟ್ಟದಕಲ್ಲಿಗೆ ಹೊರಟ ಯಾತ್ರಿಕರ ನಡುವೆ ಸೆರಗು ಹೊದ್ದು ಕಾಯುತ್ತ ನಿಂತೆ. ಅವನು ಬಂದು, ಮುರಿದ ಸೈಕಲುಗಳ ರಾಶಿಯಿಂದ ಟಗರಿನ ಕೋಡನ್ನು ಎಳೆದು ಕೊಟ್ಟ. ದಾರ ಹಿಡಿದು ನೋಡಿದೆ. ಎರಡು ಬೆರಳು ಹೆಚ್ಚು. ಮತ್ತೊಮ್ಮೆ ಹಿಡಿದೆ, ದಾರ ಜಗ್ಗಿ ಹಿಡಿದೆ. ಎರಡು ಬೆರಳು ಹೆಚ್ಚೇ.

"ಇದಕ್ಕಿಂತ ಸಣ್ಣದು?"

"ಇದ್ದದ್ದ ಇದೊಂದ್ರಿ ಯಕ್ಕಾ. ಗಂಡಸ್ರದು."

ಅದನ್ನೇ ತಂದೆ. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಪಕ್ಕದ ಮುದುಕಿ "ಇದೇನವಾ, ಯಾವ ದೇವರದು?" ಎಂದು ಕೇಳಿದಳು. ನಾನು ಸೆರಗಿನಿಂದ ಅದರ ಧೂಳು ಒರೆಸಿದೆ.

ಮಿಸ್ತ್ರಿ ಚಿಂದಿ ಬಿಚ್ಚಿ ಬ್ರೇಕಿನ ಹಿಡಿಕೆ ಹಾಕಿದರು. ಅಗಲ ಹೆಚ್ಚೆಂದು ಹ್ಯಾಂಡಲನ್ನು ಹಿಡಿದ ಕುತ್ತಿಗೆಯ ತುಂಡನ್ನು ಗಿಡ್ಡದಕ್ಕೆ ಬದಲಿಸಿದರು. ಅವಳ ಸಣ್ಣ ಬೆರಳಿಗೆ ಎಟುಕಲೆಂದು ಹಿಡಿಕೆಯ ಸಂದಿಯಲ್ಲಿ ರಬ್ಬರು ಸಿಕ್ಕಿಸಿದರು. ಅತ್ತೆಯವರು ತಮ್ಮ ಕೈಯಾರೆ ಬಿಳಿ ವಸ್ತ್ರದಲ್ಲಿ ಲಿಂಗ ಸುತ್ತಿ ಮೊಮ್ಮಗಳ ಎಡರಟ್ಟೆಗೆ ಕಟ್ಟಿ, ಬಿಗಿ ಸಾಕೇ ಎಂದು ಎರಡು ಸಲ ಜಗ್ಗಿ ನೋಡಿದರು. ಅವಳು ಬಗ್ಗಿದಳು. ಏನೂ ತೂಗಲಿಲ್ಲ, ಏನೂ ಬಡಿಯಲಿಲ್ಲ.

ಮೂರು ದಿನ ಓಡಿದಳು. ಪ್ರತಿದಿನ ಗಡಿಯಾರ ಕಡಿಮೆ ತೋರಿಸಿತು. ಮೂರನೆಯ ದಿನ ಹಿಂದಿನ ವರ್ಷದ ಹೊತ್ತಿಗೆ ಬಂದು ಮುಟ್ಟಿದಳು. ಇನ್ನೊಂದು ನಾಲ್ಕು ದಿನ ಇದ್ದಿದ್ದರೆ ಎಂದು ನಮ್ಮ ಮನೆಯವರು ಬಾಯಿ ತೆಗೆದವರು ನನ್ನ ಮುಖ ನೋಡಿ ಗಾಡಿ ತಿರುಗಿಸಿದರು.

ಬಾಗಲಕೋಟೆಯಲ್ಲಿ ಒಬ್ಬೊಬ್ಬರನ್ನೇ ಬಿಟ್ಟು ಹೊತ್ತು ನೋಡಿದರು. ಗಾಳಿ ಅಂದೂ ಬಿಡಲಿಲ್ಲ. ಮಗಳು ತಲೆ ತಗ್ಗಿಸಿ, ಬೆನ್ನು ಚಪ್ಪಟೆ ಮಾಡಿ ನನ್ನ ಮುಂದಿನಿಂದ ಹಾದುಹೋದಳು. ರಟ್ಟೆಯ ಬಿಳಿ ಗಂಟು ಮಾತ್ರ ನನಗೆ ಕಂಡದ್ದು. ಮಧ್ಯಾಹ್ನ ಹೆಸರು ಓದಿದರು. ಆರು ಹೆಸರು. ಅವಳದು ಏಳನೆಯದಂತೆ, ಓದಲಿಲ್ಲ. ಗುರುಗಳು ಹೋಗಿ ಕೇಳಿಕೊಂಡು ಬಂದರು. ಆರನೆಯವಳಿಗೂ ಇವಳಿಗೂ ಇದ್ದ ಅಂತರ ಒಂದು ಉಸಿರಿನಷ್ಟು.

ಮರಳುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಅವಳ ಮುಖ ನೋಡುವ ಧೈರ್ಯ ಇರಲಿಲ್ಲ. ಹತ್ತು ದಿನ. ನನ್ನವೇ ಹತ್ತು ದಿನ. ಶಿರೂರು ದಾಟಿತು. ಆ ಫ್ರೇಮು ಕೊಟ್ಟ ಮನೆಯವರಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಅವ್ವಾ" ಎಂದಳು ಮಗಳು. "ಆ ಹ್ಯಾಂಡಲ್ ಎರಡ ಬೆರಳು ಅಗಲ ಆತು ನೋಡು. ಸಣ್ಣದು ಸಿಕ್ಕಿದ್ರ ಆಗ್ತಿತ್ತು."

ನಾನು ತಿರುಗಿ ನೋಡಿದೆ. ಅವಳು ಸುಳ್ಳು ಹೇಳುತ್ತಿದ್ದಳು. ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಆದರೂ ಹೇಳಿದಳು, ನನಗಾಗಿ.

"ಹೌದವಾ" ಎಂದೆ. "ಎರಡು ಬೆರಳು ಹೆಚ್ಚಾತು."

ಅವಳು ರಟ್ಟೆಯ ಗಂಟು ಸಡಿಲಾಗಿದೆ, ಬಿಗಿಮಾಡು ಎಂದು ತೋಳನ್ನು ನನ್ನ ಮಡಿಲಿಗೆ ಚಾಚಿದಳು. ಬಸ್ಸು ಕುಲುಕುತ್ತಿತ್ತು. ನಾಲ್ಕು ಸಲ ಕಟ್ಟಿದೆ, ನಾಲ್ಕು ಸಲವೂ ಬಿಚ್ಚಿತು. ಅವಳು ಅವಸರ ಮಾಡಲಿಲ್ಲ.