ಜೋಳದ ಕಡೆಗೇ ನೋಡುತ್ತಿದ್ದ ಚಿಗರಿಗಳು

ನನ್ನ ಅತ್ತೆಗೆ ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು, ಕಂಡರೆ ಆಗುತ್ತಿರಲಿಲ್ಲ. ಅತನೂರಿನ ನಮ್ಮ ಹೊಲದಲ್ಲಿ ಜೋಳ ಮೊಳಕೆಯೊಡೆದ ದಿನದಿಂದ ಅವುಗಳನ್ನು ಬೈದು ಓಡಿಸುವುದೇ ಅವರಿಗೆ ಕೆಲಸ. ಎಂಬತ್ತರ ದಶಕದ ಮಾತು. ನನ್ನ ಮೊದಲ ಮಗಳು ಆಗಿನ್ನೂ ಮೊಲೆಗೂಸು.

ಬಿಳಿಜೋಳವನ್ನು ನಮ್ಮಲ್ಲಿ ಬೇರುಸಹಿತ ಕೀಳುತ್ತಾರೆ. ನಾಲ್ಕೂ ಬದುವಿನಿಂದ ಕೀಳುತ್ತ ನಡುವಿಗೆ ಬರುವುದು ನಮ್ಮ ಮನೆಯ ರೂಢಿ. ಮೂರು ಕೋಲಿಗೆ ಸೀರೆ ಕಟ್ಟಿ ಕೂಸನ್ನು ಅದರಲ್ಲಿ ಮಲಗಿಸಿ, ನಿಂತ ಬೆಳೆಯ ನೆರಳಿಗೆ ಇಡುತ್ತಿದ್ದೆವು. ಬೆಳೆ ಸರಿದಂತೆ ಜೋಳಿಗೆಯೂ ಸರಿಯುತ್ತಿತ್ತು.

ಅಂದು ಮಧ್ಯಾಹ್ನ ನಡುವೆ ಒಂದು ಕಣದಷ್ಟು ಜೋಳ ಉಳಿದಿತ್ತು. ಕಿತ್ತ ಹೊಲದಲ್ಲಿ ಚಿಗರಿಗಳ ಹಿಂಡು ಬಂದು ನಿಂತಿತು. ಮೇಯಲಿಲ್ಲ, ಓಡಲಿಲ್ಲ. ಒಂದು ಹೆಣ್ಣು ಚಿಗರಿ ಮುಂಗಾಲು ಕುಟ್ಟುತ್ತಿತ್ತು.

"ಎಷ್ಟ್ ಸೊಕ್ಕ ನೋಡ್ ಬೇ ಇವಕ್ಕ! ಮಂದಿಗೂ ಅಂಜವಲ್ವು," ಎಂದು ಅತ್ತೆ ಮಣ್ಣಿನ ಹೆಂಟೆ ಬೀಸಿದರು. ಎರಡು ಹೆಜ್ಜೆ ಸರಿದು ಮತ್ತೆ ನಿಂತವು.

"ಅತ್ತಿ, ಅವು ನಮ್ಮನ್ನ ನೋಡಾಕತ್ತಿಲ್ರಿ."

"ಮತ್ತೇನ್, ನಿನ್ನ ಚಂದ ನೋಡಾಕ ಬಂದಾವೇನು?"

ಹೆಂಗಸರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಅಷ್ಟೂ ಕಿವಿಗಳು ಜೋಳದ ಕಡೆಗೇ ತಿರುಗಿದ್ದವು. ತೋಳ ಕಂಡರೆ ಚಿಗರಿ ಓಡುತ್ತದೆ. ಅಡಗಿ ಕೂತು ಮೈಮೇಲೆ ಹಾರುವ ಚಿರತೆಯನ್ನು ಮಾತ್ರ ಕಣ್ಣು ಕೀಳದೆ ನೋಡುತ್ತ ನಿಲ್ಲುತ್ತದೆ. ತನ್ನನ್ನು ಕಂಡುಬಿಟ್ಟರೆಂದು ಗೊತ್ತಾದರೆ ಚಿರತೆ ಸಾಮಾನ್ಯವಾಗಿ ಹಾರುವುದಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಕೂಸಿನ ಜೋಳಿಗೆ ಆ ಜೋಳದ ಅಂಚಿಗೇ ಇದೆ ಎಂಬುದಷ್ಟೇ ಹೊಳೆಯಿತು. ಓಡಿಹೋಗಿ ಕೂಸನ್ನು ಬಾಚಿಕೊಂಡೆ.

ನಾನು ಹಿಂದೆ ಸರಿಯುವಷ್ಟರಲ್ಲಿ ಜೋಳ ಅಲುಗಿತು. ನಾವು ಕೀಳುತ್ತ ಬಂದಂತೆಲ್ಲ ಚಿರತೆ ಒಳಗೊಳಗೇ ಸರಿದುಕೊಂಡಿತ್ತು. ಆಚೆ ಬದಿಯಿಂದ ಹೊರಬಿದ್ದು ಹಳ್ಳದ ಕಡೆ ಓಡಿತು. ಬಾಯಲ್ಲಿ ಚಿಗರಿಯ ಎಳೆಮರಿ. ತಾಯಿ ಅದನ್ನು ಅದೇ ಜೋಳದಲ್ಲಿ ಬಚ್ಚಿಟ್ಟು ಹೋಗಿತ್ತು.

ಅತ್ತೆ ಓಡಿಬಂದು ಕೂಸಿನ ತಲೆ ಸವರಿದರು. "ನಮ್ಮ ಕೂಸು ಉಳೀತಲ್ಲ ಬೇ, ಅಷ್ಟ ಸಾಕು."

"ಹೌದ್ರಿ," ಎಂದೆ. ನಿಜವಾಗಿಯೂ ಖುಷಿಯಾಗಿತ್ತು, ಮರಿಯನ್ನು ಒಯ್ದದ್ದಕ್ಕೇ ಖುಷಿಯಾಗಿತ್ತು.

ಹಿಂಡು ಹೋಯಿತು. ಕಾಲು ಕುಟ್ಟುತ್ತಿದ್ದ ಹೆಣ್ಣು ಚಿಗರಿ ಹೋಗಲಿಲ್ಲ. ನಮ್ಮ ನಡುವೆಯೇ ಬಂದು, ಮರಿ ಮಲಗಿದ್ದ ಜಾಗವನ್ನು ಮೂಸಿತು. ಕೆಚ್ಚಲು ತುಂಬಿತ್ತು. ಅತ್ತೆಯ ಕೈ ರೂಢಿಯಂತೆ ಹೆಂಟೆಗೆ ಹೋಯಿತು.

"ಒಗೀಬ್ಯಾಡ್ರಿ!" ಎಂದು ಚೀರಿದೆ. ಅವರ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು.

ಮಗಳು ಹಸಿದು ಅಳುತ್ತಿದ್ದಳು. ಚಿಗರಿ ತಲೆಯೆತ್ತಿ ಆ ಅಳುವಿನ ಕಡೆ ನೋಡಿತು. ಅದರ ಎದುರಿಗೆ ಹಾಲು ಕುಡಿಸಲು ನನ್ನಿಂದಾಗಲಿಲ್ಲ. ಅವಳನ್ನೆತ್ತಿಕೊಂಡು ಬದುವಿನಲ್ಲಿ ನಿಲ್ಲಿಸಿದ್ದ ಬಂಡಿಯ ಮರೆಗೆ ಹೋದೆ.