ಕೆನ್ಯಾದಲ್ಲಿ ನಾನು ತೆಗೆಸಿದ ಬಿಸಿನೀರು

ಹೊಸಬಾಳೆಯ ಹೂವಪ್ಪ ಎಂದರೆ ಸೊರಬ ತಾಲ್ಲೂಕಿನಲ್ಲಿ ಬೋರ್‌ವೆಲ್ ತೆಗೆಸುವವರಿಗೆಲ್ಲ ಗೊತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಮೀನಿನಲ್ಲಿ ನಡೆಯುತ್ತೇನೆ. ಕಾಯಿ ಎದ್ದು ನಿಂತ ಕಡೆ ನೀರು. ಹದಿನೆಂಟು ವರ್ಷದಲ್ಲಿ ತಪ್ಪಿದ್ದು ಕಡಿಮೆ. ನಮ್ಮ ಕಡೆ ಎಲ್ಲಿ ಕೊರೆದರೂ ಅಷ್ಟಿಷ್ಟು ನೀರು ಬರುತ್ತದೆ ಎಂಬ ಸಂಗತಿಯನ್ನು ನಾನಾಗಿ ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಶಿಕಾರಿಪುರದ ತೀರ್ಥೇಶ್ ತಮ್ಮ ಬೋರ್ ಲಾರಿಯನ್ನು ಕೆನ್ಯಾಕ್ಕೆ ಸಾಗಿಸಿದರು, ಜೊತೆಗೆ ನನ್ನನ್ನೂ. ಹೆಂಡತಿ ವನಜಮ್ಮ ಪೆಟ್ಟಿಗೆಗೆ ಸ್ವೆಟರ್ ಹಾಕಿದಳು. "ಭೂಮಧ್ಯರೇಖೆ ಮೇಲಿರೋ ದೇಶ ಕಣೆ, ಬೆಂದುಹೋಗ್ತೀನಿ" ಎಂದು ತೆಗೆದಿಟ್ಟೆ. ಮೊದಲ ಕೆಲಸ ನ್ಯಾಹುರುರು ಎಂಬ ಊರಲ್ಲಿ. ಭೂಮಧ್ಯರೇಖೆಯ ಬೋರ್ಡಿನ ಪಕ್ಕದಲ್ಲೇ ನಿಂತು ಗಡಗಡ ನಡುಗಿದೆ. ಆ ಊರು ನಮ್ಮ ಕೊಡಚಾದ್ರಿಯ ತುದಿಗಿಂತ ಎಷ್ಟೋ ಎತ್ತರದಲ್ಲಿದೆಯಂತೆ. ಮೂರು ದಿನ ಲಾರಿಯ ಟಾರ್ಪಾಲು ಹೊದ್ದೆ.

ಅಲ್ಲಿಂದ ಬಿರುಕು ಕಣಿವೆಗೆ ಇಳಿದೆವು. ಎರಡು ಕಡೆ ಗೋಡೆಯಂತೆ ಬೆಟ್ಟ. ನಡುವಿನ ನೆಲ ಕುಸಿದು ಕೂತಿದೆ. ಸುಡುವ ಬಿಸಿಲು, ಜಾಲಿಮರ, ಜ್ವಾಲಾಮುಖಿ ಉಗುಳಿದ ಕಪ್ಪು ಕಲ್ಲು. ಊರಿನ ಹೆಂಗಸರು ಮೈಲುಗಟ್ಟಲೆ ನಡೆದು ನೀರು ತರುತ್ತಿದ್ದರು. ನನ್ನ ಕಾಯಿ ಒಂದು ಕಡೆ ನೆಟ್ಟಗೆ ನಿಂತಿತು.

ಚೆಬೆಟ್ ಎಂಬ ಅಲ್ಲಿಯ ಭೂವಿಜ್ಞಾನಿ ಅಡ್ಡಡ್ಡ ತಲೆಯಾಡಿಸಿದಳು. ತೀರ್ಥೇಶ್ ಅವಳ ಮಾತನ್ನು ಕನ್ನಡಕ್ಕೆ ತಂದರು: "ಇಲ್ಲಿ ಬೇಡವಂತೆ ಹೂವಪ್ಪ. ಕೆಳಗೆ ಭೂಮಿ ಇನ್ನೂ ಕಾದಿದೆಯಂತೆ."

"ಆ ಹುಡುಗಿಗೇನು ಗೊತ್ತು ಬಿಡ್ರೀ, ಶುರು ಮಾಡ್ಸಿ" ಎಂದೆ.

ಐನೂರು ಅಡಿಗೆ ನೀರು ಚಿಮ್ಮಿತು. ಜನ ಕುಣಿದರು. ನಾನು ಎದೆಯುಬ್ಬಿಸಿ ಹೋಗಿ ಬೊಗಸೆಯೊಡ್ಡಿದೆ, ಮರುಕ್ಷಣ ಬೊಬ್ಬೆ ಹೊಡೆದೆ. ಎರಡೂ ಅಂಗೈ ಸುಟ್ಟಿತ್ತು. ಹಲ್ಲು, ಮೂಳೆ ಹಾಳುಮಾಡುವಷ್ಟು ಫ್ಲೋರೈಡೂ ಇದೆ ಎಂದು ಚೆಬೆಟ್ ಪರೀಕ್ಷೆ ಮಾಡಿ ಹೇಳಿದಳು. ಹೆಂಗಸರು ಖಾಲಿ ಕ್ಯಾನು ಎತ್ತಿಕೊಂಡು ಹೊರಟರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಕೈಗೆ ಮುಲಾಮು ಹಚ್ಚಿದವಳೂ ಚೆಬೆಟ್. ಅಲ್ಲಿಂದ ಮುಂದೆ ನನ್ನ ಬಾಯಲ್ಲಿ 'ಆ ಹುಡುಗಿ' ಹೋಗಿ 'ಮೇಡಂ' ಆದರು. ಅವರು ನೆಲಕ್ಕೆ ಗೂಟ ಹೊಡೆಸಿ, ವೈರು ಎಳೆಸಿ, ನೆಲದೊಳಗೆ ಕರೆಂಟು ಹಾಯಿಸಿ, ಮೀಟರ್ ನೋಡಿ, ಬೆಟ್ಟದ ಬುಡದಲ್ಲಿ ಜಾಗ ಗುರುತಿಸಿದರು. ಮೇಲಿನ ಮಳೆನೀರು ಕಲ್ಲಿನ ಸೀಳಿನಲ್ಲಿ ಅಲ್ಲಿಗೆ ಇಳಿಯುತ್ತದಂತೆ. ತಣ್ಣನೆಯ ಸಿಹಿನೀರು ಬಂತು. ಒಬ್ಬ ಅಜ್ಜಿ ಮೊದಲ ಲೋಟವನ್ನು ನನಗೇ ಕೊಟ್ಟಳು. ತಲೆ ತಗ್ಗಿಸಿಕೊಂಡೇ ಕುಡಿದೆ.

ಉಳಿದ ಏಳು ತಿಂಗಳು ಮೇಡಂ ಹಿಂದೆ ಗೂಟ, ವೈರು ಹೊತ್ತೆ. ಒಂದು ದಿನ ವನಜಮ್ಮ ಫೋನಿನಲ್ಲಿ ಕೇಳಿದಳು, "ಅಲ್ಲಿ ಏನ್ ಕೆಲ್ಸ ಮಾಡ್ತೀರಿ?"

"ಮೇಡಂ ಹೇಳಿದ ಕಡೆ ವೈರು ಎಳೀತೀನಿ."

"ಬಟ್ಟೆ ಒಣಗ್ಸಕ್ಕೆ ಒಂದು ತಂತಿ ಕಟ್ಟಿ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ?"

ಮೇಡಂ ಕರೀತಿದಾರೆ ಎಂದು ಫೋನಿಟ್ಟೆ.