ಖಡು ಯಾರ ಕೈಯಲ್ಲಿ?

ಕಾಕಾ ನಮ್ಮ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಾರೆ ಎಂಬುದು ನಮಗೆ ಸೀನಿನಿಂದಲೇ ಗೊತ್ತಾಗುತ್ತಿತ್ತು. ಮೊದಲು ಬಾಗಿಲ ಹತ್ತಿರ ಕೂರುವ ಹುಡುಗಿ ಸೀನುತ್ತಿದ್ದಳು, ಆಮೇಲೆ ಕಿಟಕಿ ಪಕ್ಕದವನು, ಕೊನೆಗೆ ನಾನು. ರಾಣೇಬೆನ್ನೂರಿನ ಏಪ್ರಿಲ್ ಬಿಸಿಲಿನಲ್ಲೂ ಅವರ ಮೈಮೇಲೆ ಕಂದು ಬಣ್ಣದ, ತೋಳಿಲ್ಲದ ಸ್ವೆಟರ್ ಇರುತ್ತಿತ್ತು. ಮೂವತ್ತು ವರ್ಷದ ಮೆಣಸಿನಕಾಯಿ ಧೂಳು ಅದರ ಎಳೆಎಳೆಯಲ್ಲೂ ಕೂತಿತ್ತು. ಎಷ್ಟು ಸಲ ಸೋಡಾದಲ್ಲಿ ನೆನೆಹಾಕಿದರೂ ಹೋಗಲಿಲ್ಲ ಎಂದು ಅವರ ಹೆಂಡತಿ ನಮ್ಮಮ್ಮನ ಹತ್ತಿರ ಹೇಳಿಕೊಂಡಿದ್ದರು. ನಾವು ಸೀನುತ್ತಿದ್ದರೆ ಅವರು ಮಾತ್ರ ಏನೂ ಆಗದವರಂತೆ ಬಂದು, ಗೋಡೆಗೆ ಒತ್ತಿಕೊಂಡಿದ್ದ ಕುರ್ಚಿಯಲ್ಲಿ ಕೂತು, ಜೇಬಿನಿಂದ ಒಂದು ಸೀಮೆಸುಣ್ಣದ ತುಂಡು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಸೀಮೆಸುಣ್ಣಕ್ಕೆ ನಮ್ಮ ಕಡೆ ಖಡು ಎನ್ನುತ್ತಾರೆ. ಕಂಪ್ಯೂಟರಿನ ಮುಂದೆ ಕೂರುವವರಿಗೆ ಖಡು ಯಾಕೆ ಬೇಕೆಂದು ನಾನು ಬಹಳ ದಿನ ಕೇಳಲಿಲ್ಲ. ಕೇಳಿದ್ದರೆ ಆ ವರ್ಷದ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು.

ಓಣಿಯವರೆಲ್ಲ ಅವರನ್ನು ಆವಕದ ಕಾಕಾ ಎನ್ನುತ್ತಿದ್ದೆವು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಒಳಗೆ ಬರುವ ಮಾಲಿನ, ಅಂದರೆ ಆವಕದ, ಬಾಗಿಲು ನೋಡಿಕೊಂಡು ನಿವೃತ್ತರಾದವರು. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದ ಅವರನ್ನು ನಾನು ಲಂಗ ತೊಡುವ ಕಾಲದಿಂದ ನೋಡಿದವಳು. ಆಗಲೂ ಅದೇ ಸ್ವೆಟರ್.

ನಾನು ಬೀಜದ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಐದು ಜನರನ್ನು ಕೂಡಿಸಿಕೊಂಡು ಸಾಫ್ಟ್‌ವೇರ್ ಕೆಲಸ ಶುರುಮಾಡಿದಾಗ, ನಮಗೆ ಸಿಕ್ಕ ಮೊದಲ ದೊಡ್ಡ ಕೆಲಸವೇ ಅವರು ದುಡಿದಿದ್ದ ಕೋಲ್ಡ್ ಸ್ಟೋರೇಜಿನದು. ಯಾವ ರೈತರ ಎಷ್ಟು ಚೀಲ ಯಾವ ಚೇಂಬರಿನಲ್ಲಿವೆ, ಕೇಳಿದಾಗ ಎಲ್ಲಿಂದ ತೆಗೆದುಕೊಡಬೇಕು ಎಂಬುದನ್ನು ಹೇಳುವ ಸಾಫ್ಟ್‌ವೇರು. ಅದರ ಮಾಲೀಕರಾದ ಸಾವಕಾರರು ಒಂದು ಷರತ್ತು ಹಾಕಿದ್ದರು. "ನಮ್ಮ ಆವಕದ ಕಾಕಾ ಹೂಂ ಅಂದ್ರ ನಾನೂ ಹೂಂ. ಅವ್ರನ್ನ ಕೂಡಿಸ್ಕೊಂಡು ಮಾಡ್ರಿ. ಸಂಕ್ರಾಂತಿಗೆ ಹೊಸಾ ಮಾಲು ಬರತೈತಿ, ಅಷ್ಟರಾಗ ನಡೀಬೇಕು. ಇಲ್ಲಂದ್ರ ನಾ ಬ್ಯಾರೆ ಕಂಪನಿ ನೋಡ್ತೇನಿ." ಆ ಕೆಲಸ ತಪ್ಪಿದರೆ ನಮ್ಮ ಎರಡು ಕೋಣೆಗೂ ಬೀಗ ಬೀಳುತ್ತಿತ್ತು. ರಾಣೇಬೆನ್ನೂರಿನಲ್ಲಿ ಕೂತು ಇಂಥ ಕೆಲಸ ಆಗುವುದಿಲ್ಲ ಎಂದವರ ಮುಂದೆ ಆಗುತ್ತದೆ ಎಂದು ನಾನು ಎದೆ ತಟ್ಟಿ ಹೇಳಿದ್ದೆ. ಹಾಗಾಗಿ ಬೀಗದ ಮಾತನ್ನು ಮನಸ್ಸಿನೊಳಗೆ ಬಿಟ್ಟುಕೊಳ್ಳಲು ನಾನು ತಯಾರಿರಲಿಲ್ಲ.

ನನಗೆ ಒಂದು ಚಟವಿದೆ. ಕೆಲಸ ಶುರುವಾಗುವ ಮೊದಲೇ ಕೆಲಸ ನಡೆಸುವ ಟೂಲಿನ ಮೇಲೆ ಮೋಹ. ಅಜೈಲ್ ಪದ್ಧತಿಯಲ್ಲಿ ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಚೀಟಿಗಳಾಗಿ ಒಡೆದು, ಎರಡೆರಡು ವಾರಕ್ಕೆ ಇಷ್ಟಿಷ್ಟು ಮುಗಿಸುತ್ತ ಹೋಗುತ್ತಾರೆ. ಆ ಚೀಟಿಗಳೆಲ್ಲ ಪರದೆಯ ಮೇಲೆ ಒಂದು ಬೋರ್ಡಿನಲ್ಲಿರುತ್ತವೆ. ಕೆಲಸ ಮುಗಿದಂತೆ ಎಡದಿಂದ ಬಲಕ್ಕೆ ಸರಿದು ಕೊನೆಗೆ ಹಸಿರಾಗುತ್ತವೆ. ದೀಪಾವಳಿಯ ಹೊತ್ತಿಗೆ ನಮ್ಮ ಬೋರ್ಡು ಗದ್ದೆಯಷ್ಟು ಹಸಿರಾಗಿತ್ತು. ಅದನ್ನೇ ನೋಡಿಕೊಂಡು ನಾನು ಖುಷಿಯಿಂದ ಬ್ಯಾಡಗಿಗೆ ಪ್ರಾತ್ಯಕ್ಷಿಕೆಗೆ ಹೊರಟೆ.

ನಲವತ್ತು ಚೀಲ ಇಟ್ಟುಕೊಂಡು ತೋರಿಸಿದೆವು. ಒಬ್ಬ ರೈತನ ಮಾಲು ಒಂದು ಚೇಂಬರಿನಲ್ಲಿ ಹಿಡಿಸದೆ ಅರ್ಧ ಎರಡನೆಯ ಚೇಂಬರಿಗೆ, ಅರ್ಧ ನಾಲ್ಕನೆಯದಕ್ಕೆ ಹೋಯಿತು. ಒಳಗೆ ಬರುವ ಮಾಲಿನ ಪರದೆ ಎರಡನ್ನೂ ಸರಿಯಾಗಿ ಬರೆದುಕೊಂಡಿತು. ಹೊರಗೆ ಕೊಡುವ ಪರದೆಯಲ್ಲಿ ಇದ್ದದ್ದು ಎರಡನೆಯ ಚೇಂಬರಿನ ಇಪ್ಪತ್ತೇ ಚೀಲ. ಮಿಕ್ಕ ಇಪ್ಪತ್ತು ಕಣ್ಣೆದುರೇ ಇದ್ದರೂ ನಮ್ಮ ಸಾಫ್ಟ್‌ವೇರಿನ ಲೆಕ್ಕಕ್ಕೆ ಇರಲಿಲ್ಲ. ಸಾವಕಾರರು ನನ್ನನ್ನು ನೋಡಲಿಲ್ಲ, ಕಾಕಾರನ್ನು ನೋಡಿದರು. ಕಾಕಾ ತಲೆ ಅಲ್ಲಾಡಿಸಿದರು. ಅದು ಹೂಂ ಆಗಿರಲಿಲ್ಲ.

ಮರುದಿನ ವಿಚಾರಿಸಿದರೆ ಯಾರದೂ ತಪ್ಪಿಲ್ಲ. ಆವಕದ ಪರದೆ ಮಾಡಿದ ಹಾವೇರಿಯ ಹುಡುಗಿ ತನ್ನ ಕೆಲಸ ಮುಗಿಸಿ ಚೀಟಿ ಹಸಿರು ಮಾಡಿದ್ದಳು. ಹೊರಗೆ ಕೊಡುವ ಪರದೆ ಮಾಡಿದ ಮೇಡ್ಲೇರಿಯವನೂ ತನ್ನದನ್ನು ಹಸಿರು ಮಾಡಿದ್ದ. ಮಾಲು ಎರಡು ಕಡೆ ಒಡೆಯಬಹುದು ಎಂಬುದು ಅವಳ ಚೀಟಿಯಲ್ಲಿತ್ತು, ಇವನವರೆಗೆ ಬಂದಿರಲಿಲ್ಲ. ಬಯ್ಯಲು ಮನುಷ್ಯರು ಸಿಗದಿದ್ದಾಗ ನಾನು ಟೂಲನ್ನು ಬೈದೆ. ಹೊಸ ಟೂಲು ಆರಿಸಿಯೇ ಮುಂದಿನ ಕೆಲಸ ಎಂದು ಘೋಷಿಸಿಬಿಟ್ಟೆ.

ಮೂರು ದಿನ ನಾನು ಬೇರೇನೂ ಮಾಡಲಿಲ್ಲ. ಇಪ್ಪತ್ತನಾಲ್ಕು ಗುಣಗಳ ಪಟ್ಟಿ ಮಾಡಿ ಮೂರು ಟೂಲುಗಳನ್ನು ಅಳೆದೆ. ಮೊದಲನೆಯದರಲ್ಲಿ ಇಲ್ಲದ್ದೇ ಇರಲಿಲ್ಲ, ದೊಡ್ಡ ಕಂಪನಿಗಳೆಲ್ಲ ಅದನ್ನೇ ಬಳಸುತ್ತಿದ್ದವು. ಎರಡನೆಯದು ಬಣ್ಣಬಣ್ಣದ್ದು, ಬೆರಳಿನಲ್ಲಿ ಎಳೆದರೆ ಚೀಟಿ ಓಡುತ್ತಿತ್ತು. ಮೂರನೆಯದು ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದಾದ, ಬೋಳು ಬೋಳಾಗಿ ಕಾಣುವಂಥದ್ದು. ಹುಡುಗರು ಎರಡನೆಯದಕ್ಕೆ ಕೈ ಎತ್ತಿದರು. ನಾನು ಮೊದಲನೆಯದಕ್ಕೆ ಅಂಟಿಕೊಂಡೆ. ಖರೇ ಹೇಳಬೇಕೆಂದರೆ, ಅದರ ಹೆಸರು ಹೇಳಿದರೆ ನಾವೂ ದೊಡ್ಡವರೆನಿಸುತ್ತದೆ ಎಂಬ ಒಣಜಂಬ ನನ್ನಲ್ಲಿತ್ತು. ದನಿ ಏರಿತು. ಮೇಡ್ಲೇರಿಯವನು ಎದ್ದು ಹೊರಗೆ ಹೋದ.

ಗೋಡೆಯ ಕುರ್ಚಿಯಿಂದ ಕಾಕಾ ಕೇಳಿದರು, "ಯವ್ವಾ, ಈ ಚೀಟಿ ಮುಗೀತು ಅಂತ ಆ ಕಡೆ ಸರಸೂದು ಯಾರು?"

"ಕೆಲಸ ಮಾಡಿದವ್ರೇ ಕಾಕಾ."

"ತಗೊಳ್ಳಾವ್ರು?"

"ಅವ್ರು ಯಾಕ ಸರಸ್ತಾರ್ರಿ?"

"ಅಂದ್ರ ಕೊಡಾವ್ರ ಕೈಯಾಗ ಖಡು ಕೊಟ್ಟೀರಿ ನೀವು."

ನನಗೆ ಮೊದಲೇ ತಲೆ ಕೆಟ್ಟಿತ್ತು. "ಕಾಕಾ, ಇದು ಮೆಣಸಿನಕಾಯಿ ಗೋದಾಮಲ್ಲ, ಸಾಫ್ಟ್‌ವೇರು" ಎಂದುಬಿಟ್ಟೆ. ಅವರ ವಯಸ್ಸಿಗೆ ಆಡಬಾರದ ಧಾಟಿಯಲ್ಲಿ ಆಡಿದೆ. ಇವತ್ತಿಗೂ ಆ ಧಾಟಿ ನೆನಪಾದರೆ ನಾಚಿಕೆಯಾಗುತ್ತದೆ.

ಅವರು ಸಿಟ್ಟಾಗಲಿಲ್ಲ. "ಹೌದವ್ವಾ, ಮೆಣಸಿನಕಾಯಿ ಕೆಟ್ರ ಬಣ್ಣರ ಹೋಕ್ಕೈತಿ. ನಿಮ್ದು ಕೆಟ್ಟ ಮ್ಯಾಲೂ ಹಸರ ಕಾಣ್ತೈತಲ್ಲ" ಎಂದರು. ಆಮೇಲೆ ಖಡು ಜೇಬಿಗೆ ಹಾಕಿಕೊಂಡು, "ನಾಳೆ ಮುಂಜಾನೆ ರೈಲಿಗೆ ಎಲ್ಲಾರೂ ಬರ್ರಿ" ಎಂದು ಹೊರಟರು.

ಹೋದೆವು, ನಾನು ಮುಖ ಬಿಗಿದುಕೊಂಡೇ ಹೋದೆ. ಸ್ಟೋರೇಜಿನ ಬಾಗಿಲಲ್ಲಿ ಹಮಾಲರು ಬೆನ್ನ ಮೇಲೆ ಹಳೆಯ ಮಾಲಿನ ಚೀಲ ಹೊತ್ತು ಒಳಗೆ ಹೋಗುತ್ತಿದ್ದರು. ಐದು ಚೀಲ ಆದ ಕೂಡಲೇ ಹೊರಗಿನವನು "ಐದ್ರೋ" ಎಂದು ಕೂಗುತ್ತಿದ್ದ. ಒಳಗೆ ಚಳಿಯಲ್ಲಿ ನಿಂತವನು ತನ್ನ ಮುಂದೆ ಒಟ್ಟಿದ ಚೀಲಗಳನ್ನು ಮುಟ್ಟಿ ನೋಡಿ, "ಐದ" ಎಂದು ತಿರುಗಿ ಕೂಗಿ, ಕಪ್ಪು ಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದ. ಅವನು ಕೂಗುವ ತನಕ ಆರನೆಯ ಚೀಲ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗಿನವನ ಹತ್ತಿರ ಖಡು ಇರಲಿಲ್ಲ, ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಕೊಟ್ಟವನು ಬಾಯಿಯಲ್ಲಿ ಹೇಳಬಹುದು, ಗೆರೆ ಮಾತ್ರ ತೆಗೆದುಕೊಂಡವನದು.

ಚಹಾ ಕುಡಿಯುವಾಗ ಕಾಕಾ ತಮ್ಮ ಹಳೆಯದೊಂದು ಕತೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಹೊರಬಾಗಿಲಿನವರು. ಒಂದು ಸಂಜೆ ಒಳಗಿನವನು ಚಹಾಕ್ಕೆ ಹೋಗಿದ್ದಾಗ, ರೈಲು ತಪ್ಪುತ್ತದೆಂದು ಇವರೇ ಒಳಗೆ ಹೋಗಿ ಗೆರೆ ಎಳೆದು ಬಂದರು. ಹಲಗೆಯ ಮೇಲೆ ಎಲ್ಲ ಸರಿಯಾಗಿತ್ತು. ಹನ್ನೊಂದು ಚೀಲ ಮಾತ್ರ ಹೊರಗಿನ ಪಡಸಾಲೆಯಲ್ಲೇ ಉಳಿದು, ಖಾಲಿ ಚೀಲಗಳ ಹಿಂದೆ ಸೇರಿಹೋದವು. ಒಳಗಿವೆ ಎಂದು ಹಲಗೆ ಹೇಳುತ್ತಿದ್ದುದರಿಂದ ಯಾರೂ ಹುಡುಕಲಿಲ್ಲ. ಬೇಸಿಗೆ ಮುಗಿದು ಹೊಸರಿತ್ತಿ ಕಡೆಯ ಹೆಂಗಸೊಬ್ಬಳು ತನ್ನ ಮಾಲು ಕೇಳಿಕೊಂಡು ಬಂದಾಗ ಅವು ಸಿಕ್ಕವು. ಕೆಂಪೆಲ್ಲ ಹೋಗಿ ಬಿಳಿಚಿಕೊಂಡಿದ್ದವು.

"ಬೈತಾಳ ಅಂತ ನಿಂತಿದ್ದೆ. ಬೈಲಿಲ್ಲ. ಒಂದು ಕಾಯಿ ಮುರದು ನನ್ನ ಅಂಗೈಯಾಗ ಇಟ್ಟು, 'ಒಳಗದಾವು ಅಂದಿದ್ರಲ್ಲಪ್ಪಾ' ಅಂದ್ಲು. ಅಷ್ಟ. ಅವತ್ತಿನಿಂದ ನಾ ಸಾವಕಾರರನ್ನ ಕೇಳಿ ಒಳಬಾಗಿಲಕ ಹೋದೆ. ಚಳಿಯಾಗ ನಿಂತು ತಗೊಳ್ಳೂ ಕೆಲಸನ ನನಗಿರ್ಲಿ ಅಂದೆ."

ಸ್ವೆಟರಿನ ಕತೆ ಅವತ್ತು ತಿಳಿಯಿತು. ವಾಪಸ್ ಬರುವ ಬಸ್ಸಿನಲ್ಲಿ ನಾನು ಮೊಬೈಲಿನಲ್ಲಿದ್ದ ಇಪ್ಪತ್ತನಾಲ್ಕು ಸಾಲಿನ ಪಟ್ಟಿ ಅಳಿಸಿ ಒಂದೇ ಸಾಲು ಉಳಿಸಿಕೊಂಡೆ: ತೆಗೆದುಕೊಂಡವರು ಮಾತ್ರ ಚೀಟಿ ಮುಗಿಸುವಂತೆ ಮಾಡಲು ಬರುತ್ತದೆಯೇ?

ಆ ಸಾಲನ್ನು ಹಿಡಿದು ಮೂರೂ ಟೂಲುಗಳನ್ನು ಮತ್ತೆ ನೋಡಿದೆವು. ಈ ಸಲ ಮೌಸ್ ಕಾಕಾರ ಕೈಯಲ್ಲಿತ್ತು. ನನ್ನ ಮೆಚ್ಚಿನ ದೊಡ್ಡ ಟೂಲಿನಲ್ಲಿ ಅದನ್ನು ಮಾಡಲು ಬರುತ್ತಿತ್ತು, ಆದರೆ ಹತ್ತಾರು ಸೆಟ್ಟಿಂಗ್ ದಾಟಿ ಹೋಗಬೇಕಿತ್ತು. ಕಾಕಾ ಕಾಲು ಗಂಟೆ ತಡಕಾಡಿ, "ಯವ್ವಾ, ಇದರಾಗ ಖಡು ಎಲ್ಲಿ ಇಟ್ಟಾರ?" ಎಂದರು. ಎರಡನೆಯದರಲ್ಲಿ ಯಾರು ಬೇಕಾದರೂ ಯಾವ ಚೀಟಿಯನ್ನಾದರೂ ಎಳೆಯಬಹುದಿತ್ತು. "ಇದರಾಗ ಓಣಿ ಮಂದಿಗೆಲ್ಲಾ ಖಡು ಹಂಚ್ಯಾರ" ಎಂದು ನಕ್ಕರು. ಹುಡುಗರೂ ನಕ್ಕರು. ಮೂರನೆಯ ಬೋಳು ಟೂಲಿನಲ್ಲಿ ಯಾವ ಕಾಲಮ್ಮಿಗೆ ಯಾರು ಚೀಟಿ ಸರಿಸಬಹುದು ಎಂದು ಒಂದೇ ಜಾಗದಲ್ಲಿ ಹೇಳಿಬಿಡಬಹುದಿತ್ತು. ಕಾಲಮ್ಮುಗಳಿಗೆ ಕನ್ನಡದಲ್ಲೇ ಹೆಸರಿಡಲೂ ಬರುತ್ತಿತ್ತು. ಹೊರಗೆ ಎದ್ದು ಹೋಗಿದ್ದ ಮೇಡ್ಲೇರಿಯವನೇ ಹೆಸರು ಬರೆದ: ಮಾಡೂದೈತಿ, ಮಾಡಾಕತ್ತೇವಿ, ಕೊಟ್ಟೇವಿ, ತಗೊಂಡೇವಿ. ನನ್ನ ಒಣಜಂಬವನ್ನು ನಾನೇ ಮಡಚಿಟ್ಟೆ.

ಮೊದಲ ವಾರ ಕೊನೆಯ ಕಾಲಂ ಖಾಲಿ ಹೊಡೆಯುತ್ತಿತ್ತು. ಎರಡು ತಿಂಗಳ ಹಸಿರಿನ ನಂತರ ಆ ಖಾಲಿ ಜಾಗ ನೋಡಲು ಎದೆ ಗಟ್ಟಿ ಬೇಕು. ಆದರೆ ಸಂಕ್ರಾಂತಿ ಕಣ್ಣೆದುರಿಗೆ ಬರುತ್ತಿದ್ದರೂ ನಾವು ನಿಯಮ ಸಡಿಲಿಸಲಿಲ್ಲ. ತಮ್ಮ ಚೀಟಿ ಸರಿಯಬೇಕೆಂದರೆ ಇನ್ನೊಬ್ಬರ ಕುರ್ಚಿಯ ಹತ್ತಿರ ಹೋಗಿ ತೋರಿಸಲೇಬೇಕಾಯಿತು. ಹಾವೇರಿಯ ಹುಡುಗಿ, ಮೇಡ್ಲೇರಿಯವನು ಒಂದೇ ಪರದೆಗೆ ತಲೆ ಹಾಕಿ ಜಗಳವಾಡುವುದು ರೂಢಿಯಾಯಿತು. ನನ್ನದೊಂದು ಚೀಟಿಯನ್ನು ಕಾಕಾ ಮೂರು ಸಲ ತಿರುಗಿಸಿದರು. ಮೂರನೆಯ ಸಲ ನಾನು, "ಟೈಮಿಲ್ಲ ಕಾಕಾ, ಈಗ ತಗೋರಿ, ಆಮೇಲೆ ಸರಿಮಾಡ್ತೇನಿ" ಎಂದೆ. "ನಂಗೂ ರೈಲು ತಪ್ಪತೈತಿ ಅಂತ ಅನಿಸಿತ್ತವ್ವಾ" ಎಂದರು. ನಾನು ಬಾಯಿ ಮುಚ್ಚಿಕೊಂಡು ಸರಿಮಾಡಿದೆ.

ಸಂಕ್ರಾಂತಿಯ ಮಾಲು ಬಂತು. ಮೂರನೆಯ ದಿನವೇ ಒಬ್ಬ ರೈತರ ಚೀಲಗಳು ಎರಡು ಚೇಂಬರಿಗೆ ಒಡೆದವು. ಹೊರಗೆ ಕೊಡುವ ಪರದೆ ತೆರೆದೆ. ಎರಡೂ ಚೇಂಬರು, ಅಷ್ಟೂ ಚೀಲ ಇದ್ದವು. ಸಾವಕಾರರು ಕಾಕಾರ ಕಡೆ ನೋಡಿದರು. ಕಾಕಾ ಅವಸರ ಮಾಡಲಿಲ್ಲ. ಎದ್ದು ಎರಡೂ ಚೇಂಬರಿಗೆ ಹೋಗಿ ಚೀಲ ಮುಟ್ಟಿ ಬಂದು, ಆಮೇಲೆ, "ಹೂಂ" ಎಂದರು.

ಎರಡನೆಯ ವರ್ಷ ಸುಗ್ಗಿಗೆ ಮುಂಚೆ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಆಫೀಸಿಗೆ ಬಂದು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಹೊಸ ಚೀಟಿ ಬರೆದರು. 'ಬ್ಯಾಡಗಿ ಬಾಗಿಲಾಗ ನಿಂತು ನೋಡೂದು.' ಸುಗ್ಗಿಯ ಮೊದಲ ದಿನ ಒಳಬಾಗಿಲಲ್ಲಿ ನಿಂತು ಸಾಫ್ಟ್‌ವೇರು ಮತ್ತು ಹಲಗೆ ಎರಡನ್ನೂ ತಾಳೆ ನೋಡುವ ಅವರ ಕೆಲಸ ಅದು. ಚೀಟಿಯನ್ನು 'ಕೊಟ್ಟೇವಿ' ಎಂಬಲ್ಲಿಟ್ಟು, ತೆಗೆದುಕೊಳ್ಳಬೇಕಾದವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿದರು.

ನಾನು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಅವರು ತಿರುಗಿ ಬರುವುದಿಲ್ಲ ಎಂದು ಒಪ್ಪಿಕೊಂಡಂತೆ ಅನಿಸಿತು. ಆಸ್ಪತ್ರೆಯಿಂದ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು.

"ತಗೊಂಡ್ಯೇನವ್ವಾ?"

"ಮೊದ್ಲ ನೀವು ಮನಿಗೆ ಬರ್ರಿ ಕಾಕಾ. ನಿಮ್ಮ ಕೆಲಸ ನೀವ ಮಾಡೀರಂತ."

"ಮಾಲು ಹೊರಗ ನಿಂತೈತಿ ಯವ್ವಾ" ಎಂದರು.

ಅದೇ ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು. ನಾಲ್ಕನೆಯ ದಿನ ಅವರು ಹೋದರು. ಆ ಚೀಟಿ ಬೋರ್ಡಿನ ಮೇಲೆ ಹಾಗೇ ನಿಂತಿತು. ನಾನು ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ಬೇರೆ ಯಾರೂ ಅದನ್ನು ಸರಿಸುವಂತಿರಲಿಲ್ಲ, ಅವರದೇ ನಿಯಮ. ಅವರ ದಿನಕರ್ಮಗಳು ಮುಗಿದ ಮೇಲೆ ಹಾವೇರಿಯ ಹುಡುಗಿ ಮೆಲ್ಲಗೆ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ನಾಳೆ ಮೊದಲ್ನೇ ಮಾಲು ಬರತದಂತ್ರಿ" ಎಂದಳು. ಚೀಟಿಯ ಮಾತು ಎತ್ತಲಿಲ್ಲ.

ಬೆಳಿಗ್ಗೆ ರೈಲಿಗೆ ಬ್ಯಾಡಗಿಗೆ ಹೋದೆ. ಹೋಗುವ ಮುಂಚೆ ಕಾಕಾರ ಹೆಂಡತಿ ಕಾಕೂನ ಕೇಳಿ ಆ ಕಂದು ಸ್ವೆಟರ್ ತೆಗೆದುಕೊಂಡಿದ್ದೆ. ಜೇಬಿನಲ್ಲಿ ಅರ್ಧ ಖಡು ಹಾಗೇ ಇತ್ತು. ಸ್ವೆಟರ್ ತೊಟ್ಟು ಒಳಬಾಗಿಲಲ್ಲಿ ನಿಂತೆ, ಕಣ್ಣು ಮೂಗು ಎಲ್ಲ ಸುರಿಯುತ್ತಿದ್ದವು. ಮೆಣಸಿನಕಾಯಿಯದೆಂದು ಹಮಾಲರು ತಿಳಿದುಕೊಂಡಿರಬೇಕು. ಹೊರಗಿನಿಂದ "ಐದ್ರೋ" ಎಂಬ ಕೂಗು ಬಂತು. ನಾನು ಒಂದೊಂದೇ ಚೀಲ ಮುಟ್ಟಿ, "ಐದ" ಎಂದು ಕೂಗಿ, ಹಲಗೆಯ ಮೇಲೆ ಗೆರೆ ಎಳೆದೆ. ಸಂಜೆ ಸಾಫ್ಟ್‌ವೇರಿನ ಎಣಿಕೆ, ಹಲಗೆಯ ಎಣಿಕೆ ತಾಳೆಯಾದ ಮೇಲೆ ಪಡಸಾಲೆಗೆ ಬಂದು, ಖಾಲಿ ಚೀಲಗಳ ಹಿಂದೆಯೂ ಒಮ್ಮೆ ಬಗ್ಗಿ ನೋಡಿದೆ. ಏನೂ ಉಳಿದಿರಲಿಲ್ಲ. ಆಮೇಲೆ ಮೊಬೈಲು ತೆಗೆದು ಆ ಚೀಟಿಯನ್ನು ಕೊನೆಯ ಕಾಲಮ್ಮಿಗೆ ಸರಿಸಿದೆ.

ತಡವಾಯಿತು. ಆದರೆ ತಗೊಂಡೇನ್ರಿ ಕಾಕಾ.